ಕ್ರೂಸ್ ಯಾನದ ಮುನ್ನಾದಿನದ ವಸತಿ: ಬಾಡಿಗೆಗಿಂತ ಬಡಾವಣೆ ಮುಖ್ಯ

ವರ್ಷದ ಮಾರಾಟದ ಗುರಿ ಮುಟ್ಟಿದ ವಿತರಕರನ್ನು ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ನಮ್ಮ ನಾಡಿನ ಉದ್ಯಮ ವಲಯಕ್ಕೆ ಹೊಸತೇನಲ್ಲ. ಒಂದು ಕಾಲಕ್ಕೆ ಊಟಿ, ಗೋವಾಗಳಿಗೆ ಸೀಮಿತವಾಗಿದ್ದ ಈ ಪ್ರವಾಸಗಳು ಕ್ರಮೇಣ ಬ್ಯಾಂಕಾಕ್, ಸಿಂಗಪುರಗಳನ್ನು ತಲುಪಿದವು. ಈಗ ಆ ಪಟ್ಟಿಗೆ ಕ್ರೂಸ್ ಹಡಗಿನ ಯಾನವೂ ಸೇರಿದೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಹಡಗು ಮುಂಬಯಿಯಿಂದ ಯಾನ ಆರಂಭಿಸಿದ ಮೇಲಂತೂ ಗೋವಾ, ಲಕ್ಷದ್ವೀಪಗಳ ಕಡೆಗಿನ ಸಮುದ್ರಯಾನ ವೀಸಾದ ತೊಡಕಿಲ್ಲದೆ ಮಧ್ಯಮ ವರ್ಗದ ಕುಟುಂಬಗಳಿಗೂ ಸಣ್ಣ ಉದ್ದಿಮೆಗಳಿಗೂ ಕೈಗೆಟುಕುವಂತಾಯಿತು.

ಇಂತಹ ಪ್ರವಾಸ ಏರ್ಪಡಿಸುವ ಸಂಸ್ಥೆಗಳು ಹಡಗಿನ ಕ್ಯಾಬಿನ್ ಯಾವುದು, ಊಟ ಸಸ್ಯಾಹಾರವೇ, ಮನರಂಜನೆ ಏನು ಎಂಬುದನ್ನು ತಿಂಗಳುಗಟ್ಟಲೆ ಚರ್ಚಿಸುತ್ತವೆ. ಆದರೆ ಹಡಗು ಹತ್ತುವ ಮುನ್ನಾದಿನ ತಂಡ ಎಲ್ಲಿ ತಂಗಬೇಕೆಂಬ ವಿಷಯ ಮಾತ್ರ ಕಾರ್ಯಸೂಚಿಯ ಕಟ್ಟಕಡೆಯ ಸಾಲಾಗಿ ಉಳಿದುಬಿಡುತ್ತದೆ. ಕೊನೆಗೆ ಲೆಕ್ಕಪತ್ರ ವಿಭಾಗದ ಯಾರೋ ಒಬ್ಬರು ನಾಲ್ಕಾರು ಹೋಟೆಲುಗಳ ದರಪಟ್ಟಿ ತರಿಸಿ, ಅತಿ ಕಡಿಮೆ ಬಾಡಿಗೆಯ ಕೊಠಡಿಗಳನ್ನು ಕಾಯ್ದಿರಿಸುತ್ತಾರೆ. ಆ ಹೋಟೆಲು ಊರಿನ ಯಾವ ಮೂಲೆಯಲ್ಲಿದೆ, ಅಲ್ಲಿಂದ ಬಂದರಿಗೆ ಹೋಗುವ ದಾರಿ ಯಾವುದು ಎಂಬುದನ್ನು ವಿಚಾರಿಸುವವರು ವಿರಳ.

ಇದು ಸಣ್ಣ ಲೋಪವೆಂದು ತೋರಬಹುದು. ವಾಸ್ತವದಲ್ಲಿ ಇಡೀ ಪ್ರವಾಸದ ಯಶಸ್ಸು ಈ ಒಂದು ರಾತ್ರಿಯ ವಸತಿಯನ್ನು ಅವಲಂಬಿಸಿದೆ. ಕ್ರೂಸ್ ಯಾನದ ಮುನ್ನಾದಿನ ಕೊಳ್ಳುವುದು ಹಾಸಿಗೆಯನ್ನಲ್ಲ, ಮರುದಿನದ ನಿಶ್ಚಿಂತೆಯನ್ನು. ಆ ನಿಶ್ಚಿಂತೆ ಹೋಟೆಲಿನ ನಕ್ಷತ್ರಗಳಲ್ಲಾಗಲಿ, ಬಾಡಿಗೆಯ ರಿಯಾಯಿತಿಯಲ್ಲಾಗಲಿ ಇರುವುದಿಲ್ಲ. ಹೋಟೆಲು ಇರುವ ಬಡಾವಣೆಯಲ್ಲಿ ಇರುತ್ತದೆ.

ಹಡಗು ಕಾಯುವುದಿಲ್ಲ

ವಿಮಾನ ತಪ್ಪಿದರೆ ಮುಂದಿನ ವಿಮಾನವಿದೆ, ರೈಲು ತಪ್ಪಿದರೆ ರಾತ್ರಿಯ ಬಸ್ಸಿದೆ. ಕ್ರೂಸ್ ಹಡಗಿನ ವಿಷಯ ಹಾಗಲ್ಲ. ಅದು ವಾರಕ್ಕೆ ಒಂದೆರಡು ಬಾರಿ ಮಾತ್ರ ಹೊರಡುತ್ತದೆ. ಹೊರಟ ಮೇಲೆ ಮುಂದಿನ ಬಂದರಿಗೆ ಹೋಗಿ ಹತ್ತುವ ಅವಕಾಶ ಎಲ್ಲ ಯಾನಗಳಲ್ಲೂ ಇರುವುದಿಲ್ಲ. ಮುಂಬಯಿಯಿಂದ ಹೊರಟು ಎರಡು ರಾತ್ರಿ ಸಮುದ್ರದಲ್ಲೇ ಸುತ್ತಿ ಮರಳುವ ಯಾನವಾದರೆ ಮಧ್ಯದಲ್ಲಿ ಬಂದರೇ ಇಲ್ಲ. ತಪ್ಪಿಸಿಕೊಂಡ ಪ್ರಯಾಣಿಕನಿಗೆ ಹಣ ಮರಳಿಸುವ ಹೊಣೆಯನ್ನು ಸಾಮಾನ್ಯವಾಗಿ ಯಾವ ಹಡಗು ಕಂಪನಿಯೂ ಹೊರುವುದಿಲ್ಲ. ಟಿಕೆಟ್ಟಿನ ನಿಬಂಧನೆಗಳಲ್ಲಿ ಅದನ್ನು ಸ್ಪಷ್ಟವಾಗಿ ಮುದ್ರಿಸಿರುತ್ತಾರೆ.

ಇನ್ನೊಂದು ಸಂಗತಿಯೂ ಇದೆ. ಟಿಕೆಟ್ಟಿನ ಮೇಲೆ ಕಾಣುವ ‘ಹೊರಡುವ ಸಮಯ’ ಪ್ರಯಾಣಿಕನ ಪಾಲಿಗೆ ನಿಜವಾದ ಸಮಯವಲ್ಲ. ನೋಂದಣಿ ಕೌಂಟರ್ ಅದಕ್ಕಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ. ಹಡಗು ಸಂಜೆ 5 ಗಂಟೆಗೆ ಹೊರಡುತ್ತದೆ, ನೋಂದಣಿ 3 ಗಂಟೆಗೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. 40 ಜನರ ತಂಡ ಸಾಮಾನು ತಪಾಸಣೆಗೆ ಸಾಲು ನಿಂತು, ಗುರುತಿನ ಚೀಟಿ ತೋರಿಸಿ ಒಳಗೆ ಹೋಗಲು ಒಂದು ಗಂಟೆಯಾದರೂ ಬೇಕು. ಹಾಗಾದರೆ 2 ಗಂಟೆಗೆ ಬಂದರಿನ ಬಾಗಿಲಲ್ಲಿರಬೇಕು. ದಾರಿಯಲ್ಲಿ ಒಂದು ಗಂಟೆಯ ಅಡಚಣೆಗೆ ಅವಕಾಶವಿಟ್ಟರೆ 1 ಗಂಟೆ. ಅದಕ್ಕೂ ಮೊದಲು ಪ್ರಯಾಣದ ಅವಧಿಯನ್ನು ಕಳೆಯಬೇಕು. ಹೀಗೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದಾಗ, ಬಂದರಿನ ಪಕ್ಕದ ಬಡಾವಣೆಯಲ್ಲಿರುವ ತಂಡ ಮಧ್ಯಾಹ್ನದ ಊಟ ಮುಗಿಸಿ ಹೊರಡಬಹುದು. ಊರಿನ ಇನ್ನೊಂದು ತುದಿಯಲ್ಲಿರುವ ತಂಡ ಬೆಳಗಿನ ಉಪಾಹಾರಕ್ಕೇ ಗಡಿಯಾರ ನೋಡಬೇಕಾಗುತ್ತದೆ.

ಅದೇ ದಿನ ಬೆಳಿಗ್ಗೆ ವಿಮಾನದಲ್ಲಿ ಬಂದು ಮಧ್ಯಾಹ್ನ ಹಡಗು ಹತ್ತುವ ಯೋಜನೆಯಂತೂ ವಿವೇಕದ್ದಲ್ಲ. ಡಿಸೆಂಬರ್, ಜನವರಿಗಳಲ್ಲಿ ಬೆಂಗಳೂರಿನ ಮಂಜಿಗೆ ಮುಂಜಾನೆಯ ವಿಮಾನಗಳು ತಡವಾಗುವುದು ಎಲ್ಲರಿಗೂ ತಿಳಿದ ವಿಷಯ. ಕ್ರೂಸ್ ಋತುವೂ ಅದೇ ತಿಂಗಳುಗಳಲ್ಲಿ ಬರುತ್ತದೆ. ಆದ್ದರಿಂದ ಮುನ್ನಾದಿನವೇ ತಲುಪುವುದು ಮೊದಲ ನಿಯಮವಾದರೆ, ಸರಿಯಾದ ಬಡಾವಣೆಯಲ್ಲಿ ತಂಗುವುದು ಎರಡನೆಯ ನಿಯಮ. ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಮರೆತರೆ ಬಂದ ಲಾಭ ಅರ್ಧಕ್ಕಿಂತ ಕಡಿಮೆ.

ಬಂದರಿನ ಹೆಸರು ಒಂದು, ಜಾಗ ಇನ್ನೊಂದು

ಬಡಾವಣೆ ಆರಿಸುವ ಮೊದಲು ಹಡಗು ನಿಲ್ಲುವ ಸ್ಥಳ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಹೊರದೇಶದ ಯಾನಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಜಾಹೀರಾತಿನಲ್ಲಿ ‘ರೋಮ್’ ಎಂದಿರುವ ಹಡಗು ಹೊರಡುವುದು ಸುಮಾರು 70 ಕಿ.ಮೀ. ದೂರದ ಚಿವಿಟಾವೆಕ್ಕಿಯಾ ಬಂದರಿನಿಂದ. ‘ಲಂಡನ್’ ಎಂದರೆ ಬಹುಮಟ್ಟಿಗೆ ಸೌತಾಂಪ್ಟನ್. ‘ಬ್ಯಾಂಕಾಕ್’ ಎಂದು ಹೇಳುವ ದೊಡ್ಡ ಹಡಗುಗಳು ನೂರು ಕಿ.ಮೀ.ಗೂ ಆಚೆಯ ಲೇಮ್ ಚಬಾಂಗ್‌ನಲ್ಲಿ ನಿಲ್ಲುತ್ತವೆ. 2021ರ ಆಗಸ್ಟ್‌ನಿಂದ ವೆನಿಸ್ ನಗರದ ಜುಡೆಕ್ಕಾ ಕಾಲುವೆಗೆ ದೊಡ್ಡ ಹಡಗುಗಳ ಪ್ರವೇಶ ನಿಷಿದ್ಧವಾದ್ದರಿಂದ ಆ ಹೆಸರಿನ ಯಾನಗಳು ಮಾರ್ಗೇರಾದಿಂದಲೋ ದೂರದ ರವೆನ್ನಾದಿಂದಲೋ ಹೊರಡುತ್ತಿವೆ. ವೆನಿಸ್ಸಿನ ಸೇತುವೆಗಳ ನಡುವೆ ಕೊಠಡಿ ಹಿಡಿದು ಸಾಮಾನು ಹೊರುವವರ ಪಾಡು ಊಹಿಸಬಹುದು.

ನಮ್ಮ ನಾಡಿನ ಪ್ರವಾಸಿಗಳು ಹೆಚ್ಚಾಗಿ ಹೋಗುವ ಸಿಂಗಪುರದಲ್ಲಿ ಊರೊಳಗೇ ಎರಡು ಕ್ರೂಸ್ ನಿಲ್ದಾಣಗಳಿವೆ. ಒಂದು ಹಳೆಯ ಹಾರ್ಬರ್‌ಫ್ರಂಟ್. ಇನ್ನೊಂದು 2012ರಲ್ಲಿ ಆರಂಭವಾದ ಮರೀನಾ ಬೇ ಕ್ರೂಸ್ ಸೆಂಟರ್. ಎರಡಕ್ಕೂ ಮೆಟ್ರೋ ಸೌಲಭ್ಯವಿದೆ, ಆದರೆ ನಿಲ್ದಾಣಗಳು ಬೇರೆ ಬೇರೆ, ಮಾರ್ಗಗಳೂ ಬೇರೆ. ಮುಸ್ತಫಾ ಮಳಿಗೆ ಹತ್ತಿರವೆಂದು ಲಿಟ್ಲ್ ಇಂಡಿಯಾದಲ್ಲಿ ತಂಗುವ ನಮ್ಮವರಿಗೆ ಹಾರ್ಬರ್‌ಫ್ರಂಟ್ ನೇರಳೆ ಮಾರ್ಗದಲ್ಲಿ ನೇರ ದಾರಿ. ಮರೀನಾ ಬೇ ಕ್ರೂಸ್ ಸೆಂಟರಿಗಾದರೆ ರೈಲು ಬದಲಿಸಿ ಕೆಂಪು ಮಾರ್ಗದ ಕೊನೆಯ ನಿಲ್ದಾಣಕ್ಕೆ ಹೋಗಬೇಕು. ಒಂದೇ ಬಡಾವಣೆ ಒಂದು ಹಡಗಿಗೆ ಅನುಕೂಲ, ಇನ್ನೊಂದಕ್ಕೆ ತೊಡಕು. ‘ಒಳ್ಳೆಯ ಬಡಾವಣೆ’ ಎಂಬುದು ಸ್ವತಂತ್ರವಾಗಿ ಇರುವುದಿಲ್ಲ, ಹಡಗು ನಿಲ್ಲುವ ಕಟ್ಟೆಗೆ ಹೋಲಿಸಿದಾಗ ಮಾತ್ರ ಅದು ನಿರ್ಧಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಮುಂಬಯಿಯಲ್ಲೂ ಗೊಂದಲಕ್ಕೆ ಅವಕಾಶವಿದೆ. ಗೇಟ್‌ವೇ ಆಫ್ ಇಂಡಿಯಾದಿಂದ ಹೊರಡುವುದು ಎಲಿಫೆಂಟಾ, ಮಾಂಡ್ವಾಗಳ ದೋಣಿಗಳು. ಭಾವುಚಾ ಧಕ್ಕಾದಿಂದ ಹೊರಡುವುದು ವಾಹನಗಳನ್ನೂ ಸಾಗಿಸುವ ರೋ-ರೋ ನೌಕೆ. ಕ್ರೂಸ್ ಹಡಗುಗಳ ನೆಲೆ ಬ್ಯಾಲಾರ್ಡ್ ಪಿಯರ್. ಇಲ್ಲಿನ ಇಂದಿರಾ ಡಾಕ್‌ನಲ್ಲಿ ನಿರ್ಮಿಸಿದ, ವರ್ಷಕ್ಕೆ 10 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವ ಉದ್ದೇಶದ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಟ್ಯಾಕ್ಸಿ ಚಾಲಕನಿಗೆ ‘ಬಂದರು’ ಎಂದಷ್ಟೇ ಹೇಳಿದರೆ ಸಾಲದು. ಬ್ಯಾಲಾರ್ಡ್ ಪಿಯರ್ ಎಂದು ಹೇಳಬೇಕು, ಟಿಕೆಟ್ಟಿನಲ್ಲಿ ನಮೂದಿಸಿದ ಗೇಟಿನ ಹೆಸರನ್ನೂ ಹೇಳಬೇಕು.

ಮುಂಬಯಿಯ ಬಡಾವಣೆಗಳು

ಈ ಹಿನ್ನೆಲೆಯಲ್ಲಿ ಮುಂಬಯಿಯ ಬಡಾವಣೆಗಳನ್ನು ಒಂದೊಂದಾಗಿ ತೂಗಿ ನೋಡುವುದು ಉಪಯುಕ್ತ.

ಬಂದರಿಗೆ ಅಂಟಿಕೊಂಡಿರುವುದು ಬ್ಯಾಲಾರ್ಡ್ ಎಸ್ಟೇಟ್. ಇಂದಿನ ಇಂದಿರಾ ಡಾಕ್, ಅಂದರೆ ಅಂದಿನ ಅಲೆಕ್ಸಾಂಡ್ರಾ ಡಾಕ್ ತೋಡುವಾಗ ಬಂದ ಮಣ್ಣಿನಿಂದ ಸಮುದ್ರ ತುಂಬಿಸಿ, 1908ರಿಂದ 1914ರ ನಡುವೆ ಪೋರ್ಟ್ ಟ್ರಸ್ಟ್ ಕಟ್ಟಿಸಿದ ವಾಣಿಜ್ಯ ಬಡಾವಣೆಯಿದು. ಕಟ್ಟಡಗಳ ವಿನ್ಯಾಸ ಜಾರ್ಜ್ ವಿಟೆಟ್ ಅವರದು. ಒಂದು ಕಾಲಕ್ಕೆ ಇಲ್ಲಿ ಹಡಗಿನ ಪಕ್ಕಕ್ಕೇ ರೈಲು ಬರುತ್ತಿತ್ತು. ಯುರೋಪಿನ ಟಪಾಲು ಹಡಗಿನಿಂದ ಇಳಿದವರು ಬಂದರಿನಲ್ಲೇ ಫ್ರಾಂಟಿಯರ್ ಮೇಲ್ ಹತ್ತಿ ಉತ್ತರ ಭಾರತಕ್ಕೆ ಹೊರಡುತ್ತಿದ್ದರು. ಆ ರೈಲ್ವೆ ನಿಲ್ದಾಣ ಈಗಿಲ್ಲ. ಹಡಗಿಗೂ ರೈಲಿಗೂ ಇದ್ದ ಆ ಕೊಂಡಿ ಕಳಚಿದ ಮೇಲೆ ಅದರ ಕೆಲಸವನ್ನು ಹೋಟೆಲಿನ ಸ್ಥಳವೇ ಮಾಡಬೇಕಾಗಿದೆ.

ಬ್ಯಾಲಾರ್ಡ್ ಎಸ್ಟೇಟ್ ಮತ್ತು ಅದಕ್ಕೆ ಹೊಂದಿಕೊಂಡ ಫೋರ್ಟ್ ಪ್ರದೇಶದಲ್ಲಿ ತಂಗುವವರಿಗೆ ಬಂದರು ಕೂಗಳತೆಯ ದೂರ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸೂ ಹತ್ತಿರ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಇಳಿಯುವುದು ಇಲ್ಲೇ. ಫೋರ್ಟಿನ ಗಲ್ಲಿಗಳಲ್ಲಿ ಕರಾವಳಿಯವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಉಪಾಹಾರ ಗೃಹಗಳಿವೆ. ಬೆಳಗಿನ ಇಡ್ಲಿ, ಕಾಫಿಗೆ ಚಿಂತೆಯಿಲ್ಲ. ಕೊರತೆಯೆಂದರೆ ದೊಡ್ಡ ತಂಡಕ್ಕೆ ಒಂದೇ ಕಡೆ ಕೊಠಡಿ ಸಿಗುವುದು ಕಷ್ಟ, ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಚಿಕ್ಕದು, ಮತ್ತು ಕಚೇರಿಗಳ ಪ್ರದೇಶವಾದ್ದರಿಂದ ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಮುಚ್ಚಿರುತ್ತವೆ. ಕುಟುಂಬದೊಡನೆ ಬಂದವರಿಗೆ ಭಾನುವಾರದ ಸಂಜೆ ಬೇಸರ ತರಬಹುದು.

ಕೊಲಾಬಾದಲ್ಲಿ ಆ ಬೇಸರವಿಲ್ಲ. 1903ರಲ್ಲಿ ಬಾಗಿಲು ತೆರೆದ ತಾಜ್‌ಮಹಲ್ ಹೋಟೆಲಿನಿಂದ ಹಿಡಿದು ಅದರ ಹಿಂದಿನ ಬೀದಿಗಳ ಸಾಧಾರಣ ಅತಿಥಿಗೃಹಗಳವರೆಗೆ ಎಲ್ಲ ದರದ ವಸತಿಯೂ ಇದೆ. ಕಾಸ್‌ವೇ ರಸ್ತೆಯ ವ್ಯಾಪಾರ ರಾತ್ರಿಯವರೆಗೂ ನಡೆಯುತ್ತದೆ. ಬಂದರು ಎರಡು ಮೂರು ಕಿ.ಮೀ. ದೂರದಲ್ಲಿದೆ. ಚರ್ಚ್‌ಗೇಟ್, ಮರೀನ್ ಡ್ರೈವ್‌ಗಳೂ ಬಹುಮಟ್ಟಿಗೆ ಇಷ್ಟೇ ಅನುಕೂಲ. ಆದರೆ ಸಮುದ್ರದ ನೋಟಕ್ಕೆ ಹೆಚ್ಚಿನ ಬಾಡಿಗೆ ತೆರಬೇಕು. ಮರುದಿನದಿಂದ ಹಗಲಿರುಳೂ ಸಮುದ್ರವನ್ನೇ ನೋಡಲಿರುವ ತಂಡಕ್ಕೆ ಮುನ್ನಾದಿನ ಆ ನೋಟಕ್ಕಾಗಿ ಹಣ ಸುರಿಯುವ ಅಗತ್ಯವಿದೆಯೇ ಎಂದು ಯೋಚಿಸಬೇಕು.

ಮಸೀದಿ ಬಂದರ್, ಕ್ರಾಫರ್ಡ್ ಮಾರುಕಟ್ಟೆಯ ಸುತ್ತಲಿನ ಲಾಡ್ಜ್‌ಗಳು ವ್ಯಾಪಾರಿಗಳಿಗೆ ಚಿರಪರಿಚಿತ. ನಕಾಶೆಯಲ್ಲಿ ಅವು ಬಂದರಿಗೆ ತೀರಾ ಸಮೀಪ, ಬಾಡಿಗೆಯೂ ಕಡಿಮೆ. ಆದರೆ ಸಗಟು ಪೇಟೆಯ ಗಲ್ಲಿಗಳಲ್ಲಿ ಕೈಗಾಡಿ, ಲಾರಿಗಳ ನಡುವೆ ಹಗಲು ಹೊತ್ತು ಬಸ್ಸು ನಿಲ್ಲಿಸಿ 40 ಜನರ ಸಾಮಾನು ಏರಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಕೈಚೀಲವೊಂದನ್ನೇ ಹಿಡಿದು ಹೋಗುವ ವ್ಯಾಪಾರಿಗೆ ಸರಿಹೊಂದುವ ಬಡಾವಣೆ, ಹೆಂಡತಿ ಮಕ್ಕಳು, ವಯಸ್ಸಾದ ತಂದೆತಾಯಿಗಳೊಡನೆ ಬರುವ ವಿತರಕನಿಗೆ ಸರಿಹೊಂದುವುದಿಲ್ಲ. ದೂರವನ್ನು ಕಿಲೋಮೀಟರಿನಲ್ಲಲ್ಲ, ಸಾಮಾನಿನ ಸಂಖ್ಯೆಯಲ್ಲಿ ಅಳೆಯಬೇಕೆಂಬುದು ಇಲ್ಲಿನ ಪಾಠ.

ದಾದರ್, ಮಾಟುಂಗಾಗಳ ಬಗ್ಗೆ ಕನ್ನಡಿಗರಿಗೆ ಮಮತೆ ಹೆಚ್ಚು. ಮೈಸೂರು ಅಸೋಸಿಯೇಷನ್ ಇರುವುದು ಅಲ್ಲಿ. 1942ರಿಂದ ಬಾಳೆಲೆ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಇರುವುದೂ ಅಲ್ಲೇ. ಕರ್ನಾಟಕದ ಹಲವು ರೈಲುಗಳು ದಾದರ್‌ನಲ್ಲೇ ಕೊನೆಗೊಳ್ಳುತ್ತವೆ. ಬಂದರು ಸುಮಾರು 10 ಕಿ.ಮೀ. ದೂರ. ಮಧ್ಯಾಹ್ನದ ಹಡಗಿಗೆ ಬೆಳಿಗ್ಗೆಯೇ ಹೊರಡುವ ಶಿಸ್ತಿದ್ದರೆ ಇದು ಒಪ್ಪಬಹುದಾದ ನಡುದಾರಿ. ಆದರೆ ಸಾಮಾನು ಹೊತ್ತು ಲೋಕಲ್ ರೈಲು ಹತ್ತುವ ಸಾಹಸ ಬೇಡ. ಮಾಹೀಮ್, ಸಯನ್‌ಗಳಿಂದ ದಕ್ಷಿಣಕ್ಕೆ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲವಾದ್ದರಿಂದ ಟ್ಯಾಕ್ಸಿ ಅಥವಾ ಬಸ್ಸನ್ನು ಹಿಂದಿನ ದಿನವೇ ಗೊತ್ತುಮಾಡಬೇಕು.

ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಮಂಗಳೂರು, ಉಡುಪಿಗಳಿಂದ ಬರುವವರು ಇಳಿಯುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಪಕ್ಕದ ಚೆಂಬೂರು ದೂರದ ಉಪನಗರವೆನಿಸಿದರೂ 2013ರಲ್ಲಿ ತೆರೆದ ಈಸ್ಟರ್ನ್ ಫ್ರೀವೇ ಅದನ್ನು ಬಂದರಿನ ಕಡೆಯ ಪಿ. ಡಿ’ಮೆಲ್ಲೋ ರಸ್ತೆಗೆ ನೇರವಾಗಿ ಜೋಡಿಸುತ್ತದೆ. ಹೀಗಾಗಿ ನಕಾಶೆಯಲ್ಲಿ ಹತ್ತಿರವೆನಿಸುವ ಪಶ್ಚಿಮದ ಕೆಲವು ಬಡಾವಣೆಗಳಿಗಿಂತ ಚೆಂಬೂರಿನಿಂದ ಬಂದರು ತಲುಪುವುದು ಸುಲಭವಾಗಬಹುದು.

ಉಳಿದದ್ದು ಅಂಧೇರಿ ಮತ್ತು ವಿಮಾನ ನಿಲ್ದಾಣದ ಸುತ್ತಲಿನ ಪ್ರದೇಶ. ದರಪಟ್ಟಿಯಲ್ಲಿ ಹೆಚ್ಚಾಗಿ ಗೆಲ್ಲುವುದು ಇದೇ. ದೊಡ್ಡ ಹೋಟೆಲುಗಳು, ಬೇಕಾದಷ್ಟು ಕೊಠಡಿಗಳು, ಸಭಾಂಗಣ, ವಾಹನ ನಿಲುಗಡೆ ಎಲ್ಲವೂ ಇವೆ. ಇಲ್ಲದಿರುವುದು ಒಂದೇ: ಸುಮಾರು 25 ಕಿ.ಮೀ. ಆಚೆಯ ಬಂದರಿಗೆ ಇಷ್ಟೇ ಹೊತ್ತಿನಲ್ಲಿ ತಲುಪುತ್ತೇವೆಂಬ ಭರವಸೆ. ತಡರಾತ್ರಿ ವಿಮಾನದಲ್ಲಿ ಬಂದಿಳಿಯುವವರಿಗೆ ಮಾತ್ರ ಇಲ್ಲಿ ತಂಗುವುದು ನ್ಯಾಯ. ಯಾನ ಮುಗಿಸಿ ಮರಳುವ ದಿನಕ್ಕೂ ಈ ಬಡಾವಣೆ ಸೂಕ್ತ. ಆಗ ಹಿಡಿಯಬೇಕಾದದ್ದು ಹಡಗನ್ನಲ್ಲ, ವಿಮಾನವನ್ನು. ಹೋಗುವಾಗಿನ ವಸತಿ ಮತ್ತು ಬರುವಾಗಿನ ವಸತಿ ಒಂದೇ ಹೋಟೆಲಿನಲ್ಲಿರಬೇಕೆಂಬ ರೂಢಿಯನ್ನು ಸಂಸ್ಥೆಗಳು ಕೈಬಿಡುವುದು ಒಳಿತು.

ಬದಲಾಗುತ್ತಿರುವ ನಕಾಶೆ

ಹತ್ತು ವರ್ಷಗಳ ಹಿಂದಿನ ಅನುಭವವನ್ನೇ ನೆಚ್ಚಿಕೊಂಡು ಇಂದು ಬಡಾವಣೆ ಆರಿಸುವಂತಿಲ್ಲ. 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಸುಮಾರು 22 ಕಿ.ಮೀ. ಉದ್ದದ ಅಟಲ್ ಸೇತುವೆ ನವಿಮುಂಬಯಿಯನ್ನು ಶಿವಡಿಗೆ ಜೋಡಿಸಿತು. 2025ರ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿ.ಮೀ. ಮೆಟ್ರೋ ಮಾರ್ಗ ಪೂರ್ಣಗೊಂಡಿತು. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ವರೆಗೆ ರಸ್ತೆಯ ಗೊಡವೆಯಿಲ್ಲದೆ ಬರುವುದು ಇದರಿಂದ ಸಾಧ್ಯವಾಯಿತು. ಅದೇ ವರ್ಷದ ಡಿಸೆಂಬರ್ 25ರಿಂದ ನವಿಮುಂಬಯಿ ವಿಮಾನ ನಿಲ್ದಾಣದಲ್ಲೂ ವಿಮಾನಗಳ ಹಾರಾಟ ಆರಂಭವಾಯಿತು.

ಈ ಬದಲಾವಣೆಗಳ ತಾತ್ಪರ್ಯ ಏನು? ಅಂಧೇರಿಯಲ್ಲಿ ತಂಗುವುದು ಈಗ ಸುಲಭವಾಯಿತು ಎಂದು ಕೆಲವರು ವಾದಿಸುತ್ತಾರೆ. ಒಬ್ಬಿಬ್ಬರಿಗೆ, ಒಂದೊಂದು ಸಣ್ಣ ಪೆಟ್ಟಿಗೆ ಇದ್ದವರಿಗೆ ಈ ವಾದ ಒಪ್ಪತಕ್ಕದ್ದೇ. ಆದರೆ ದೊಡ್ಡ ತಂಡವನ್ನು ಪೆಟ್ಟಿಗೆಗಳ ಸಮೇತ ಮೆಟ್ರೋ ಹತ್ತಿಸಿ, ಇಳಿಸಿ, ಮತ್ತೆ ಕೊನೆಯ ಒಂದೆರಡು ಕಿ.ಮೀ.ಗೆ ಹತ್ತಾರು ಟ್ಯಾಕ್ಸಿ ಹುಡುಕುವುದು ಸಂಘಟಕರಿಗೆ ಶಿಕ್ಷೆ. ಹೊಸ ಮೆಟ್ರೋದ ನಿಜವಾದ ಪ್ರಯೋಜನ ಬೇರೆ ಇದೆ. ಮುನ್ನಾದಿನ ವಿಮಾನ ಇಳಿದ ಕೂಡಲೇ, ಯಾವ ಆತುರವೂ ಇಲ್ಲದ ಹೊತ್ತಿನಲ್ಲಿ, ಫೋರ್ಟ್ ಅಥವಾ ಚರ್ಚ್‌ಗೇಟ್‌ಗೆ ಬಂದು ತಂಗುವುದನ್ನು ಅದು ಸುಲಭಗೊಳಿಸಿದೆ. ಊರನ್ನು ದಾಟುವ ಕೆಲಸವನ್ನು ಗಡುವಿಲ್ಲದ ದಿನವೇ ಮುಗಿಸಬೇಕು. ಗಡುವಿರುವ ದಿನಕ್ಕೆ ಉಳಿಸಬಾರದು.

ಬಡಾವಣೆಯ ಜತೆಗೆ ಪಂಚಾಂಗವನ್ನೂ ನೋಡಬೇಕು. ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬಯಿ ಮ್ಯಾರಥಾನ್ ದಿನ ದಕ್ಷಿಣ ಮುಂಬಯಿಯ ಮುಖ್ಯ ರಸ್ತೆಗಳನ್ನು ಬೆಳಿಗ್ಗೆ ಮುಚ್ಚುತ್ತಾರೆ. ಡಿಸೆಂಬರ್ 6ರ ಮಹಾಪರಿನಿರ್ವಾಣ ದಿನದಂದು ಡಾ. ಅಂಬೇಡ್ಕರ್ ಅವರಿಗೆ ನಮನ ಸಲ್ಲಿಸಲು ಲಕ್ಷಾಂತರ ಜನ ದಾದರ್‌ನ ಚೈತ್ಯಭೂಮಿಗೆ ಬರುತ್ತಾರೆ. ಆ ದಿನಗಳಲ್ಲಿ ದಾದರ್‌ನಲ್ಲಿ ತಂಗಿ ಅಲ್ಲಿಂದ ಬಸ್ಸು ಹೊರಡಿಸುವ ಯೋಜನೆ ಹಾಕುವುದು ಸರಿಯಲ್ಲ. ಗಣೇಶ ವಿಸರ್ಜನೆಯ ದಿನ ಲಾಲ್‌ಬಾಗ್‌ನಿಂದ ಗಿರ್‌ಗಾಂವ್ ಚೌಪಾಟಿಯವರೆಗಿನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಉಳಿತಾಯದ ಲೆಕ್ಕ

ವ್ಯಾಪಾರಿಗಳು ಮಾತಿಗಿಂತ ಲೆಕ್ಕವನ್ನು ನಂಬುತ್ತಾರೆ. ಅದು ಸರಿಯೂ ಹೌದು. 40 ಜನರಿಗೆ 20 ಕೊಠಡಿ ಬೇಕೆಂದಿಟ್ಟುಕೊಳ್ಳಿ. ಅಂಧೇರಿಗಿಂತ ಫೋರ್ಟ್ ಅಥವಾ ಕೊಲಾಬಾದಲ್ಲಿ ಕೊಠಡಿಯೊಂದಕ್ಕೆ 2,000 ರೂಪಾಯಿ ಹೆಚ್ಚಾದರೂ ಒಟ್ಟು ವ್ಯತ್ಯಾಸ 40,000 ರೂಪಾಯಿ. ಅಂಧೇರಿಯಿಂದ ಬಂದರಿಗೆ ಬಸ್ಸಿನ ಬಾಡಿಗೆಯನ್ನು ಕಳೆದರೆ ಈ ಅಂತರ ಇನ್ನೂ ಕಿರಿದಾಗುತ್ತದೆ. ತಲಾ 30,000 ರೂಪಾಯಿಯ ಟಿಕೆಟ್ ಎಂದು ಹಿಡಿದರೆ ಹಡಗಿಗೆ ತೆತ್ತಿರುವ ಹಣ 12 ಲಕ್ಷ. ಮೂರೂವರೆ ಶೇಕಡಾಕ್ಕಿಂತ ಕಡಿಮೆ ಮೊತ್ತವನ್ನು ಉಳಿಸಲು ಇಡೀ ಬಂಡವಾಳವನ್ನು ರಸ್ತೆಯ ಸಂದಣಿಗೆ ಒಡ್ಡುವುದು ಯಾವ ವ್ಯಾಪಾರಧರ್ಮ? ಇಷ್ಟಕ್ಕೂ ಹಣದ ನಷ್ಟವೇ ಕೊನೆಯದಲ್ಲ. ವರ್ಷವಿಡೀ ದುಡಿದ ವಿತರಕ ತನ್ನ ಕುಟುಂಬದ ಎದುರು ಬಂದರಿನ ಬಾಗಿಲಲ್ಲಿ ನಿಂತು ಹಡಗು ಹೋಗುವುದನ್ನು ನೋಡಬೇಕಾದರೆ, ಆ ಸಂಸ್ಥೆಯ ಮೇಲಿನ ಅವನ ವಿಶ್ವಾಸಕ್ಕೆ ಬೀಳುವ ಪೆಟ್ಟನ್ನು ಯಾವ ವಿಮೆಯೂ ತುಂಬಿಕೊಡಲಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿದ್ದು.

ತೆರಿಗೆಯ ಅಂಶವನ್ನೂ ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಅದಕ್ಕೂ ಮೇಲಿನ ದರಕ್ಕೆ ಶೇ. 18ರ ತೆರಿಗೆ ಮುಂದುವರಿಯಿತು. ಹೋಟೆಲು ಇರುವ ರಾಜ್ಯವನ್ನೇ ಸೇವೆ ಪೂರೈಕೆಯ ಸ್ಥಳವೆಂದು ಕಾನೂನು ಪರಿಗಣಿಸುವುದರಿಂದ, ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವ ಸಂಸ್ಥೆಗೆ ಮಹಾರಾಷ್ಟ್ರದ ಹೋಟೆಲಿನಲ್ಲಿ ತೆತ್ತ ತೆರಿಗೆಯ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಆದ್ದರಿಂದ ಎರಡು ಬಡಾವಣೆಗಳ ದರ ಹೋಲಿಸುವಾಗ ತೆರಿಗೆ, ಬಸ್ಸಿನ ಬಾಡಿಗೆ, ಉಪಾಹಾರ ಎಲ್ಲವನ್ನೂ ಸೇರಿಸಿದ ಕಡೆಯ ಮೊತ್ತವನ್ನೇ ಹೋಲಿಸಬೇಕು. ಬಂದರಿನ ಸಮೀಪ 7,500 ರೂಪಾಯಿಯ ಮಿತಿಯೊಳಗಿನ ಕೊಠಡಿ ದೊರೆತರೆ, ದುಬಾರಿಯೆನಿಸಿದ ಬಡಾವಣೆಯೇ ಕೊನೆಗೆ ಮಿತವ್ಯಯದ್ದಾಗುವ ಸಂಭವವುಂಟು.

ಇನ್ನೊಂದು ವಿಷಯವನ್ನು ಹೋಟೆಲಿನವರೊಡನೆ ಮೊದಲೇ ಮಾತನಾಡಿಕೊಳ್ಳುವುದು ಕ್ಷೇಮ. ಅನೇಕ ಕಡೆ ಕೊಠಡಿ ತೆರವುಗೊಳಿಸುವ ಸಮಯ ಬೆಳಿಗ್ಗೆ 11 ಅಥವಾ 12 ಗಂಟೆ. ಹಡಗಿಗೆ ಪ್ರವೇಶ ಮಧ್ಯಾಹ್ನವಾದರೆ ನಡುವಿನ ಎರಡು ಮೂರು ಗಂಟೆ ತಂಡ ಎಲ್ಲಿರಬೇಕು, ಸಾಮಾನು ಎಲ್ಲಿಡಬೇಕು ಎಂಬುದನ್ನು ಲಿಖಿತವಾಗಿ ಗೊತ್ತುಮಾಡಿಕೊಳ್ಳಬೇಕು. ಬಂದರಿನ ಸಮೀಪದ ಬಡಾವಣೆಯಾದರೆ ಸಾಮಾನನ್ನು ಹೋಟೆಲಿನಲ್ಲೇ ಬಿಟ್ಟು, ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯವೆಂದೇ ಹಲವರು ಬಲ್ಲ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯವನ್ನೋ, ಗೇಟ್‌ವೇಯನ್ನೋ ನೋಡಿ ಬರಬಹುದು. ದೂರದ ಬಡಾವಣೆಯಲ್ಲಿ ಆ ಅವಧಿ ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಮಂಗಳೂರಿಗೆ ಇರುವ ಪಾಠ

ಇಷ್ಟರವರೆಗಿನ ಮಾತು ಪ್ರಯಾಣಿಕನ ದೃಷ್ಟಿಯದು. ಇದೇ ನಾಣ್ಯದ ಇನ್ನೊಂದು ಮುಖ ನಮ್ಮ ನಾಡಿನ ವಾಣಿಜ್ಯಕ್ಕೆ ಹೆಚ್ಚು ಮುಖ್ಯವಾದದ್ದು. ಪ್ರಯಾಣಿಕ ಮುನ್ನಾದಿನ ತಂಗುವ ಬಡಾವಣೆಯಲ್ಲಿ ಕೊಠಡಿ, ರಾತ್ರಿಯ ಊಟ, ಟ್ಯಾಕ್ಸಿ, ಔಷಧ, ಕೊನೆಗಳಿಗೆಯ ಬಟ್ಟೆಬರೆಗಳ ಖರೀದಿ ಎಲ್ಲವೂ ನಡೆಯುತ್ತದೆ. ಈ ಆದಾಯ ದೊರೆಯುವುದು ಯಾನ ಆರಂಭವಾಗುವ ಬಂದರಿಗೆ ಮಾತ್ರ; ಹಡಗು ದಾರಿಯಲ್ಲಿ ನಿಂತು ಹೋಗುವ ಬಂದರಿಗಲ್ಲ.

ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರತಿ ಋತುವಿನಲ್ಲೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಪ್ರವಾಸಿಗಳು ಬೆಳಿಗ್ಗೆ ಇಳಿದು ಕದ್ರಿ, ಸಂತ ಅಲೋಶಿಯಸ್ ಚಾಪೆಲ್, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಮಲಗುವುದು ಹಡಗಿನಲ್ಲಿ, ರಾತ್ರಿ ಉಣ್ಣುವುದೂ ಹಡಗಿನಲ್ಲಿ. ನಗರದ ಹೋಟೆಲುಗಳಿಗೆ ಒಂದು ರಾತ್ರಿಯ ಬಾಡಿಗೆಯೂ ಸೇರುವುದಿಲ್ಲ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಮುಂಬಯಿಯಲ್ಲಿ ಚಾಲನೆ ನೀಡಿದ ಕ್ರೂಸ್ ಭಾರತ್ ಮಿಷನ್, 2029ರ ಹೊತ್ತಿಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಹೊಂದಿದೆ. ಆ ಹೆಚ್ಚಳದಲ್ಲಿ ಮಂಗಳೂರಿನ ಪಾಲು ಹಗಲಿನ ಕೆಲವೇ ಗಂಟೆಗಳಿಗೆ ಸೀಮಿತವಾಗಬಾರದು ಎಂದಾದರೆ, ಲಕ್ಷದ್ವೀಪ, ಗೋವಾ, ಕೊಚ್ಚಿಗಳ ಕಡೆಗಿನ ಯಾನ ಇಲ್ಲಿಂದಲೇ ಆರಂಭವಾಗುವಂತೆ ವಾಣಿಜ್ಯ ಸಂಸ್ಥೆಗಳು ಒತ್ತಾಯಿಸಬೇಕು.

ಒತ್ತಾಯಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು: ಮಂಗಳೂರಿಗೆ ಮುನ್ನಾದಿನ ಬರುವ ಪ್ರಯಾಣಿಕ ಎಲ್ಲಿ ತಂಗಬೇಕು? ಹಂಪನಕಟ್ಟೆ, ಕದ್ರಿಗಳಲ್ಲಿ ಹೋಟೆಲುಗಳಿವೆ, ಊಟಕ್ಕೂ ಪೇಟೆಗೂ ಕೊರತೆಯಿಲ್ಲ. ಆದರೆ ಪಣಂಬೂರಿಗೆ ಹೋಗಲು ಹೆದ್ದಾರಿಯ ಕೂಳೂರು ಸೇತುವೆ ದಾಟಬೇಕು. ಅಲ್ಲಿನ ವಾಹನ ದಟ್ಟಣೆ ಊರವರಿಗೆ ನಿತ್ಯದ ಗೋಳು. ಪಣಂಬೂರು, ಸುರತ್ಕಲ್ ಕಡೆ ಬಂದರು ಸಮೀಪ. ಆದರೆ ತಂಡಗಳಿಗೆ ಸಾಲುವಷ್ಟು ವಸತಿ ಬೆಳೆಯಬೇಕಾಗಿದೆ. ಬಂದರಿನ ಕಟ್ಟೆ ಎಷ್ಟೇ ಆಧುನಿಕವಾಗಿರಲಿ, ಮುನ್ನಾದಿನದ ವಸತಿಗೂ ಕಟ್ಟೆಗೂ ನಡುವಿನ ದಾರಿ ಭರವಸೆಯದ್ದಲ್ಲದಿದ್ದರೆ ಯಾನ ಏರ್ಪಡಿಸುವವರು ಈ ಊರನ್ನು ಆರಿಸುವುದಿಲ್ಲ.

ಆದ್ದರಿಂದ ಸದಸ್ಯ ಸಂಸ್ಥೆಗಳು ಎರಡು ಕೆಲಸಗಳನ್ನು ಕೈಗೊಳ್ಳುವುದು ಅಪೇಕ್ಷಣೀಯ. ಪ್ರವಾಸ ಏರ್ಪಡಿಸುವವರು ಮುಂದಿನ ಬಾರಿ ದರಪಟ್ಟಿ ತರಿಸುವ ಮೊದಲು ಹಡಗಿನ ಕಟ್ಟೆ, ನೋಂದಣಿ ಮುಗಿಯುವ ಸಮಯ, ತಂಡದ ಸಾಮಾನು ಮತ್ತು ವಯಸ್ಸು, ಆ ದಿನದ ವಿಶೇಷ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಬಡಾವಣೆ ತಾನಾಗಿ ನಿರ್ಧಾರವಾಗುತ್ತದೆ. ಹೋಟೆಲು ಉದ್ಯಮದಲ್ಲಿರುವವರು, ಬೇಗ ಉಪಾಹಾರ, ಕೊಠಡಿ ಬಿಟ್ಟ ಮೇಲೂ ಸಾಮಾನು ಇಡಲು ಜಾಗ, ಬಂದರಿಗೆ ನಿಗದಿತ ಸಮಯದ ವಾಹನ ಇವುಗಳನ್ನು ಒಂದೇ ದರದಲ್ಲಿ ಒದಗಿಸುವ ವ್ಯವಸ್ಥೆ ರೂಪಿಸಲಿ. ಕ್ರೂಸ್ ಪ್ರಯಾಣಿಕ ಕೇಳುವುದು ಇಷ್ಟೇ. ಅದನ್ನು ಖಚಿತವಾಗಿ ಕೊಡಬಲ್ಲ ಊರಿನಲ್ಲೇ ಅವನು ಒಂದು ರಾತ್ರಿ ತಂಗುತ್ತಾನೆ, ಅಲ್ಲೇ ತನ್ನ ಹಣವನ್ನೂ ವೆಚ್ಚ ಮಾಡುತ್ತಾನೆ.